ಎಫ್/2 ದೂರದರ್ಶಕಕ್ಕೆ ನ್ಯಾರೋಬ್ಯಾಂಡ್ ಫಿಲ್ಟರ್: ದೀರ್ಘ ಬಳಕೆಯ ನಂತರ

ನ್ಯಾರೋಬ್ಯಾಂಡ್ ಫಿಲ್ಟರ್, ಅಂದರೆ ಬೆಳಕಿನ ಒಂದು ಕಿರಿದಾದ ಪಟ್ಟಿಯನ್ನಷ್ಟೇ ಒಳಬಿಡುವ ಫಿಲ್ಟರ್, ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಪಟ್ಟಿಯ ಅಗಲ ‘ಎಷ್ಟು ನ್ಯಾನೋಮೀಟರ್?’ ಎಂದು. ಎಫ್/2 ದೂರದರ್ಶಕವಿರುವವರು (ನಾಭಿದೂರ ದ್ವಾರದ ವ್ಯಾಸದ ಎರಡೇ ಪಟ್ಟು ಇರುವಂಥದ್ದು) ಅದಕ್ಕೂ ಮೊದಲು ಆ ಪಟ್ಟಿ ಯಾವ ತರಂಗಾಂತರದಲ್ಲಿ ಕೂತಿದೆ ಎಂದು ಕೇಳಬೇಕು. 400 ಮಿ.ಮೀ. ನಾಭಿದೂರದ ನನ್ನ ದೂರದರ್ಶಕಕ್ಕೆ ಸಾಮಾನ್ಯ 3 ನ್ಯಾನೋಮೀಟರ್ ಫಿಲ್ಟರ್‌ಗಳನ್ನೂ ಎಫ್/2ಕ್ಕೆಂದೇ ಮಾಡಿದವನ್ನೂ ಹಲವು ಋತುಗಳ ಕಾಲ ಹಾಕಿ ನೋಡಿದ್ದೇನೆ.

ಈ ಫಿಲ್ಟರ್‌ಗಳ ಕೆಲಸವೆಲ್ಲ ನಡೆಯುವುದು ತೆಳು ಪದರಗಳ ನಡುವಿನ ವ್ಯತಿಕರಣದಿಂದ, ಅಂದರೆ ಬೆಳಕಿನ ಅಲೆಗಳು ಒಂದನ್ನೊಂದು ಬಲಪಡಿಸುವುದು ಅಥವಾ ಅಳಿಸುವುದರಿಂದ. ಬೆಳಕು ಓರೆಯಾಗಿ ಬಿದ್ದಷ್ಟೂ ಪಟ್ಟಿ ನೀಲಿಯ ಕಡೆಗೆ ಸರಿಯುತ್ತದೆ. ಎಫ್/7ರಲ್ಲಿ ಅಂಚಿನ ಕಿರಣದ ಓರೆ 4 ಡಿಗ್ರಿ, ಚಿಂತೆಯಿಲ್ಲ. ಎಫ್/2ರಲ್ಲಿ ಅದು 14 ಡಿಗ್ರಿ, ಹೈಡ್ರೋಜನ್-ಆಲ್ಫಾದ (ನೀಹಾರಿಕೆಗಳ ಹೈಡ್ರೋಜನ್ ಸೂಸುವ ಕೆಂಪು ಬೆಳಕು) 656.3 ನ್ಯಾನೋಮೀಟರ್ ಬಳಿ ಪಟ್ಟಿ ಸುಮಾರು 5 ನ್ಯಾನೋಮೀಟರ್ ಜರುಗಿಬಿಡುತ್ತದೆ. ಕ್ಯಾಮೆರಾ ಮುಂಭಾಗದಲ್ಲಿ ಕೂರುವ ವಿನ್ಯಾಸವಾದರೆ ನಡುವಿನ ನೇರ ಕಿರಣಗಳಿಗೆ ಅದೇ ಅಡ್ಡ. ಉಳಿಯುವವು ಬಹುಪಾಲು ಓರೆ ಕಿರಣಗಳೇ. ಅದಕ್ಕೇ ಎಫ್/2 ಫಿಲ್ಟರ್‌ಗಳಲ್ಲಿ ಪಟ್ಟಿಯನ್ನು ಮೊದಲೇ ಕೆಂಪಿನ ಕಡೆಗೆ ಸರಿಸಿಟ್ಟಿರುತ್ತಾರೆ.

ರೋಸೆಟ್ ನೀಹಾರಿಕೆಯ ಹೈಡ್ರೋಜನ್ ಚಿತ್ರ ಸಾಮಾನ್ಯ ಫಿಲ್ಟರ್‌ನಲ್ಲೂ ಚೆನ್ನಾಗಿಯೇ ಬರುತ್ತದೆ. ಅಷ್ಟು ಪ್ರಖರವಾದದ್ದರಲ್ಲಿ ನಷ್ಟ ಕಣ್ಣಿಗೆ ಬೀಳುವುದಿಲ್ಲ. ವೇಲ್ ನೀಹಾರಿಕೆಯೊಳಗಿನ ಪಿಕರಿಂಗ್ ತ್ರಿಕೋನಕ್ಕೆ, ಅಂದರೆ 1904ರಲ್ಲಿ ಖಗೋಳಜ್ಞೆ ವಿಲಿಯಮಿನಾ ಫ್ಲೆಮಿಂಗ್ ಛಾಯಾಫಲಕದಲ್ಲಿ ಗುರುತಿಸಿದ ಭಾಗಕ್ಕೆ, ಆಮ್ಲಜನಕದ 500.7 ನ್ಯಾನೋಮೀಟರ್ ಫಿಲ್ಟರ್ ಹಾಕಿ ನೋಡಿ. ಸಾಮಾನ್ಯ ಫಿಲ್ಟರ್‌ನಲ್ಲಿ ಎಳೆಗಳು ನಾಯ್ಸ್‌ನಲ್ಲಿ (ಚಿತ್ರದ ಕಾಳುಕಾಳು ಗದ್ದಲದಲ್ಲಿ) ಕರಗಿಹೋಗುತ್ತವೆ. ಎಫ್/2 ಫಿಲ್ಟರ್‌ನಲ್ಲಿ ಅಷ್ಟೇ ಎಕ್ಸ್‌ಪೋಷರ್‌ಗೆ ಒಂದರ ಮೇಲೊಂದು ಹೆಣೆದುಕೊಂಡ ಎಳೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ನಕ್ಷತ್ರಗಳು ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಲ್ಲ ಬಣ್ಣಗಳಲ್ಲೂ ಬೆಳಗುವುದರಿಂದ ಪಟ್ಟಿ ಎತ್ತ ಸರಿದರೂ ಮಂಕಾಗುವುದಿಲ್ಲ. ನಿಮ್ಮ ಚಿತ್ರದಲ್ಲಿ ನಕ್ಷತ್ರಗಳು ಎದ್ದು ಕಂಡು ನೀಹಾರಿಕೆ ಸೊರಗಿದ್ದರೆ ಮೊದಲು ಫಿಲ್ಟರನ್ನೇ ಅನುಮಾನಿಸಿ.

ಕೊರತೆಗಳೂ ಇವೆ. ಆಮ್ಲಜನಕದ ಫಿಲ್ಟರ್‌ನಲ್ಲಿ ಒರಾಯನ್ ಪುಂಜದ ಆಲ್ನಿಟಾಕ್‌ನಂಥ ಪ್ರಖರ ನಕ್ಷತ್ರದ ಸುತ್ತ ಮಸುಕು ಪ್ರಭಾವಲಯ ಈಗಲೂ ಉಳಿಯುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಫಿಲ್ಟರ್‌ಗಳನ್ನು ತಿರುಗಿಸಿ ಬದಲಿಸುವ ಚಕ್ರ ಇಟ್ಟರೆ ಬೆಳಕಿಗೇ ಅಡ್ಡವಾಗುವುದರಿಂದ ಡ್ರಾಯರ್ ಎಳೆದು ಕೈಯಲ್ಲೇ ಬದಲಿಸಬೇಕು. ಬದಲಿಸಿದಾಗಲೆಲ್ಲ ಫೋಕಸ್ ಮತ್ತೆ ಸರಿಮಾಡಲೇಬೇಕು, ಏಕೆಂದರೆ ಎಫ್/2ರಲ್ಲಿ ಫೋಕಸ್‌ಗೆ ಸಿಗುವ ಆಸ್ಪದ ಸುಮಾರು 13 ಮೈಕ್ರೋಮೀಟರ್ ಅಷ್ಟೇ. ಇವೇ ಫಿಲ್ಟರ್‌ಗಳನ್ನು ಎಫ್/7 ದೂರದರ್ಶಕಕ್ಕೆ ಹಾಕಿದರೆ ಪಟ್ಟಿ ಕೆಂಪಿನ ಕಡೆಗೇ ನಿಂತುಬಿಡುತ್ತದೆ, ನೀಹಾರಿಕೆಯ ಬೆಳಕು ಹೊರಗುಳಿಯುತ್ತದೆ. ಎರಡು ದೂರದರ್ಶಕಗಳಿದ್ದರೆ ಎರಡು ಸೆಟ್ ಬೇಕೇ ಬೇಕು.

ಎಫ್/4ರವರಿಗೆ ನಾನು ಇವನ್ನು ಹೇಳುವುದಿಲ್ಲ. ಅಲ್ಲಿ ಅಂಚಿನ ಕಿರಣಕ್ಕೂ ಪಟ್ಟಿ ಸರಿಯುವುದು 1 ನ್ಯಾನೋಮೀಟರ್‌ಗಿಂತ ತುಸು ಹೆಚ್ಚು ಮಾತ್ರ. 6 ಅಥವಾ 7 ನ್ಯಾನೋಮೀಟರಿನ ಸಾಮಾನ್ಯ ಫಿಲ್ಟರ್ ಧಾರಾಳವಾಗಿ ಸಾಕು.