ಸ್ಪೀಕರ್ ಬಾಕ್ಸಿಗೆ ಟೈಲ್ಸ್ ಅಂಟಿಸೋಕೆ ಮುಂಚೆ ಇದನ್ನ ಓದಿ

ಮನೇಲಿ ಮಾಡಿದ ಸ್ಪೀಕರ್ ಬಾಕ್ಸಿಗೆ ಸೆರಾಮಿಕ್ ಟೈಲ್ಸ್ ಹಾಕೋಣ ಅಂತಿರೋರು ದಯವಿಟ್ಟು ಸ್ವಲ್ಪ ತಡೀರಿ, ನಾನು ಹಾಕಿ ಎರಡು ಬಾಕ್ಸು, ಒಂದು ಒಳ್ಳೆ ವೂಫರ್ (ದಪ್ಪ ಸದ್ದು ಕೊಡೋ ದೊಡ್ಡ ಸ್ಪೀಕರ್) ಕಳ್ಕೊಂಡಿದೀನಿ.

18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಕ್ಸು, ಸೌಂಡ್ ಜಾಸ್ತಿ ಕೊಟ್ರೆ ಪಕ್ಕದ ಹಲಗೆ ನಡುಗೋದು ಕೈಗೇ ಗೊತ್ತಾಗ್ತಿತ್ತು, ಮೇಲೆ ಭಾರ ಹೇರಿದ್ರೆ ನಿಲ್ಲತ್ತೆ, ನೋಡೋಕೂ ಚೆನ್ನಾಗಿರತ್ತೆ ಅಂತ ಸಿಮೆಂಟ್ ಟೈಪ್ ಟೈಲ್ ಗಮ್ಮನ್ನ ನೀರಲ್ಲಿ ಕಲಸಿ ನೀರು ಇಳಿಯದ ಹಾಗೆ ತಡೆಯೋ ಸೀಲರ್ ಕೂಡ ಹಚ್ಚದೆ ನೇರ ಎಂಡಿಎಫ್ ಮೇಲೇ ಬಳಿದು ಎರಡು ಪಕ್ಕ, ತಲೆ, ಮುಂಭಾಗ ಎಲ್ಲಾ ಅಂಟಿಸ್ಬಿಟ್ಟೆ. ಅಲ್ಲೇ ತಪ್ಪಾಗಿದ್ದು. ಎಂಡಿಎಫ್ ನೀರು ಕುಡಿದು ಉಬ್ಬತ್ತೆ, ಕತ್ತರಿಸಿದ ಅಂಚಂತೂ ಇನ್ನೂ ಜಾಸ್ತಿ, ಆಮೇಲೆ ಹವೆ ಒಣಗಿದಾಗ ಕುಗ್ಗತ್ತೆ. ಟೈಲು ಜಗ್ಗಲ್ಲ. ನಡುವೆ ಇರೋ ಗಮ್ಮೂ ಕಲ್ಲಿನ ಹಾಗೆ ಗಟ್ಟಿ. ಕೆಲವೇ ವಾರದಲ್ಲಿ ಟೈಲ್ ಸಂದಿಗೆ ತುಂಬೋ ಗ್ರೌಟ್ ಬಿರುಕು ಬಿಡ್ತು, ಆಮೇಲೆ ಹಾಡಲ್ಲಿ ಬೇಸ್ (ದಪ್ಪ ಸದ್ದು) ಬಂದಾಗೆಲ್ಲಾ ಝುರ್ರ್ ಅನ್ನೋ ಸದ್ದು ಶುರು.

ಮೊದಲು ವೂಫರ್ ಮೇಲೇ ಅನುಮಾನ ಪಟ್ಟೆ, ವೈರು ನೋಡ್ದೆ, ದಪ್ಪ-ತೆಳು ಸದ್ದನ್ನ ಬೇರೆ ಮಾಡಿ ಕಳಿಸೋ ಕ್ರಾಸೋವರ್ ಸರ್ಕ್ಯೂಟ್ ಬಿಚ್ಚಿ ನೋಡ್ದೆ, ಕೊನೆಗೆ ಹಾಡು ಓಡ್ತಿರುವಾಗ್ಲೇ ಒಂದೊಂದು ಟೈಲನ್ನೂ ಅಂಗೈಯಲ್ಲಿ ಒತ್ತುತ್ತಾ ಹೋದೆ, ಒಂದು ಕಡೆ ಒತ್ತಿದ ತಕ್ಷಣ ಸದ್ದು ನಿಂತ್ಹೋಯ್ತು. ಬೆರಳಲ್ಲಿ ತಟ್ಟಿದ್ರೆ ಅದು ಪೂರ್ತಿ ಟೊಳ್ಳು. ಅಂಟು ಬಿಟ್ಕೊಂಡಿತ್ತು.

ಬಿಡದೇ ಇದ್ರೂ ನಾನಂದುಕೊಂಡ ಲಾಭ ಸಿಗ್ತಿರ್ಲಿಲ್ಲ. ಗಟ್ಟಿ ಹಲಗೆಗೆ ಗಟ್ಟಿ ಅಂಟಲ್ಲಿ ಗಟ್ಟಿ ಟೈಲು ಕೂರಿಸಿದ್ರೆ ನಡುಕ ಸಾಯಲ್ಲ, ಬೇರೆ ಫ್ರೀಕ್ವೆನ್ಸಿಗೆ ಹೋಗಿ ಕೂರತ್ತೆ ಅಷ್ಟೆ, ಅದನ್ನ ಹೀರ್ಕೊಳ್ಳೋಕೆ ಮಧ್ಯದಲ್ಲಿ ರಬ್ಬರಿನಂಥ ಮೆತ್ತನೆ ಪದರ ಬೇಕು. ಭಾರ ಮಾತ್ರ ಏರತ್ತೆ: 8 ಎಂಎಂ ಟೈಲು ಒಂದು ಚದರ ಮೀಟರಿಗೆ ಸುಮಾರು 16-17 ಕೆಜಿ, ನನ್ನ ಒಂದೊಂದು ಬಾಕ್ಸಿಗೂ ಹತ್ತು ಕೆಜಿ ಮೇಲೇ ಸೇರ್ತು, ಎತ್ತೋಕೆ ಇಬ್ಬರು ಬೇಕು.

ವೂಫರ್ ಹೋಗಿದ್ದು ಇನ್ನೊಂದು ಕಾರಣಕ್ಕೆ. ಟೈಲು ಅಂಟಿಸಿದ ಮೇಲೆ ವೂಫರಿನ ತೂತನ್ನ ಗ್ರೈಂಡರಲ್ಲಿ ಕೊರೆದೆ, ಬಾಕ್ಸನ್ನ ಸರಿಯಾಗಿ ಒರೆಸದೆ ವೂಫರ್ ಕೂರಿಸ್ದೆ, ಆ ಟೈಲಿನ ಪುಡಿ ವಾಯ್ಸ್ ಕಾಯಿಲ್ (ವೂಫರಿನ ಕೋನನ್ನ ಆಡಿಸೋ ತಂತಿ ಸುರುಳಿ) ಸಂದಿಗೆ ಹೋಗಿ ಕೋನ್ ಆಡಿದಾಗೆಲ್ಲಾ ಕರ್ ಕರ್ ಅಂತ ಉಜ್ಜೋಕೆ ಶುರುವಾಯ್ತು. ಆ ಪುಡೀಲಿ ಸಿಲಿಕಾ ಇರತ್ತೆ, ಶ್ವಾಸಕೋಶಕ್ಕೆ ನಿಜವಾಗ್ಲೂ ಕೆಟ್ಟದ್ದು, ಮುಖಕ್ಕೆ ಬಟ್ಟೆ ಕಟ್ಕೊಂಡ್ರೆ ಸಾಲಲ್ಲ, ಸರಿಯಾದ ಮಾಸ್ಕ್ ಹಾಕಿ ನೀರು ಬಿಟ್ಕೊಂಡೇ ಕತ್ತರಿಸಿ. ಇನ್ನೊಂದು, ವೂಫರಿನ ಅಂಚು ಗ್ರೌಟ್ ಗೆರೆ ಮೇಲೆ ಬಂದ್ರೆ ಸಮ ಕೂರಲ್ಲ, ಗಾಳಿ ಸೋರಿ ಪುಸ್ ಅನ್ನತ್ತೆ.

ಟೈಲು ಬೇಕೇ ಬೇಕು ಅನ್ನೋರು ಮುಂಭಾಗ ಬಿಟ್ಟುಬಿಡಿ, ಎಂಡಿಎಫ್‌ಗೆ ಅಂಚು ಸಮೇತ ಸೀಲರ್ ಹೊಡೀರಿ, ಸಿಮೆಂಟ್ ಬದಲು ಒಣಗಿದ ಮೇಲೂ ಜಗ್ಗೋ ಪಾಲಿಯುರೆಥೇನ್ ಅಂಟು ಪೂರ್ತಿ ಹಚ್ಚಿ, ಎಲ್ಲೂ ಟೊಳ್ಳು ಬಿಡ್ಬೇಡಿ.

ನಾನು ಟೈಲು ಕೀಳೋಕೆ ಹೋದ್ರೆ ಎಂಡಿಎಫ್ ಪದರಾನೇ ಕಿತ್ಕೊಂಡು ಬಂತು. ಹೊಸ ಬಾಕ್ಸಿಗೆ ಒಳಗಡೆ ಅಡ್ಡಪಟ್ಟಿ ಕೊಟ್ಟಿದೀನಿ, ಪಕ್ಕದ ಹಲಗೆ ಮೇಲೆ ಕೈಯಿಟ್ರೆ ನಡುಕ ಮೊದಲಿಗಿಂತ ಎಷ್ಟೋ ಕಮ್ಮಿ.