ಅಟಕಾಮಾ, ಉಯುನಿ, ಕೊಲ್ಕಾ: ಆಂಡಿಸ್‌ನ ಎತ್ತರದ ಬಯಲಿಗೆ ಮೂರು ದಾರಿ, ಯಾವುದು ಯಾರಿಗೆ?

ಆಂಡಿಸ್‌ನ ನೆತ್ತಿಯ ಮೇಲಿನ ಬಯಲು, ಅಲ್ಲಿನ ಉಪ್ಪುಕೆರೆಗಳು, ರಾಜಹಂಸ, ಕಾಂಡೋರ್ ಹದ್ದು ನೋಡಲು ಹೋಗುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಚಿಲಿಯ ಸಾನ್ ಪೆದ್ರೊ ದೆ ಅಟಕಾಮಾ ಊರಲ್ಲಿ ತಂಗಿ ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದು ಒಂದು. ಬೊಲಿವಿಯಾದ ಉಯುನಿಯಿಂದ ಜೀಪಿನಲ್ಲಿ ಮೂರು ದಿನದ ಸುತ್ತು ಇನ್ನೊಂದು. ಪೆರುವಿನ ಅರೆಕೀಪಾದಿಂದ ಕೊಲ್ಕಾ ಕಣಿವೆ ಮೂರನೆಯದು. ಮೂರನ್ನೂ ಮಾಡಿ ನೋಡಿದ ಮೇಲೆ ನಮ್ಮ ಮಾತು ಇಷ್ಟೇ: ಹಗಲು ಏನೇನು ತೋರಿಸುತ್ತಾರೆ ಎಂದು ಕೇಳುವ ಮುನ್ನ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿಸುತ್ತಾರೆ ಎಂದು ಕೇಳಿ. ತಲೆ ಸಿಡಿಯುತ್ತಾ ವಾಕರಿಕೆ ಬರುತ್ತಿದ್ದರೆ ಎದುರಿಗೆ ಸಾವಿರ ರಾಜಹಂಸ ನಿಂತಿದ್ದರೂ ಜೀಪಿನಿಂದ ಇಳಿಯಲು ಮನಸ್ಸಾಗುವುದಿಲ್ಲ.

ನಮ್ಮ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರ್. ಬೆಂಗಳೂರಿನಿಂದ ಹೊರಟವರ ಮೈಗೆ ಗೊತ್ತಿರುವುದು 900 ಮೀಟರಿನ ಗಾಳಿ. 4,300 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ಹಗಲು ಅಲ್ಲಿ ನಾಲ್ಕು ಗಂಟೆ ಇದ್ದು ಇಳಿದುಬಂದರೆ ಮೈ ತಡೆದುಕೊಳ್ಳುತ್ತದೆ. ಅಲ್ಲೇ ಮಲಗಿದರೆ ಕಷ್ಟ, ಯಾಕೆಂದರೆ ನಿದ್ದೆಯಲ್ಲಿ ಉಸಿರಾಟ ನಿಧಾನವಾಗಿ ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ.

ಈ ಅಳತೆಗೋಲು ಹಿಡಿದರೆ ಸಾನ್ ಪೆದ್ರೊ ಮೊದಲು ನಿಲ್ಲುತ್ತದೆ. ಊರು ಇರುವುದು ಸುಮಾರು 2,400 ಮೀಟರಿನಲ್ಲಿ. ವಿಮಾನ ಇಳಿಯುವ ಕಲಾಮಾ ಇಲ್ಲಿಂದ 100 ಕಿ.ಮೀ., ಅದೂ ಹೆಚ್ಚುಕಡಿಮೆ ಇದೇ ಎತ್ತರ. ಪ್ರತಿದಿನ ಮೇಲೆ ಹತ್ತಿ ಸಂಜೆಗೆ ಕೆಳಗೆ ಬಂದು ಮಲಗಬಹುದು. ಕ್ರಮ ಮಾತ್ರ ಸರಿಯಿರಬೇಕು. ಮೊದಲ ದಿನ ಊರ ಪಕ್ಕದ ಚಂದ್ರಕಣಿವೆ, ಎರಡನೇ ದಿನ 2,300 ಮೀಟರಿನ ಚಾಕ್ಸಾ ಉಪ್ಪುಕೆರೆ, ಮೂರನೇ ದಿನ 4,100 ಮೀಟರಿನ ಮಿಸ್ಕಾಂತಿ ಮತ್ತು ಮಿನ್ಯಿಕೆಸ್ ಕೆರೆಗಳು, ನಾಲ್ಕನೇ ದಿನ ಬಿಸಿನೀರಿನ ಚಿಲುಮೆಗಳ ಬಯಲು ಎಲ್ ತಾತಿಯೊ. ತಪ್ಪಾಗುವುದು ಎಲ್ಲಿ ಎಂದರೆ, ಬಂದಿಳಿದ ಸಂಜೆಯೇ ಬೀದಿಯ ಏಜೆಂಟರು ಮರುದಿನ ಬೆಳಗಿನ ತಾತಿಯೊಗೆ ಸೀಟು ಮಾರುತ್ತಾರೆ. ನಸುಕಿನ ನಾಲ್ಕೂವರೆಗೆ ಹೊರಟು ಎರಡು ಗಂಟೆಯೊಳಗೆ 4,320 ಮೀಟರ್ ಮುಟ್ಟಿದರೆ, ಸೂರ್ಯ ಹುಟ್ಟುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನ ತಲೆ ಹಿಡಿದುಕೊಂಡು ಕೂತಿರುತ್ತಾರೆ. ಅದನ್ನು ಕೊನೆಯ ದಿನಕ್ಕೇ ಇಟ್ಟುಕೊಳ್ಳಿ.

ಉಯುನಿಯ ಲೆಕ್ಕ ಬೇರೆ. ಊರೇ ಸುಮಾರು 3,650 ಮೀಟರ್, ಪಕ್ಕದ ಉಪ್ಪಿನ ಬಯಲೂ ಅಷ್ಟೇ. ಸುತ್ತಿನ ಮೊದಲ ರಾತ್ರಿ ಬಯಲಿನ ಅಂಚಿನ ಉಪ್ಪಿನ ಹೋಟೆಲಿನಲ್ಲಿ, ಎರಡನೇ ರಾತ್ರಿ ಲಗೂನಾ ಕೊಲೊರಾದಾ ಕೆರೆಯ ಬಳಿ 4,300 ಮೀಟರಿನಲ್ಲಿ. ಇದೇ ಸುತ್ತನ್ನು ಸಾನ್ ಪೆದ್ರೊದಿಂದ ತಿರುಗುಮುರುಗಾಗಿಯೂ ಮಾರುತ್ತಾರೆ. ಆಗ ಬೆಳಿಗ್ಗೆ 2,400ರಲ್ಲಿ ಎದ್ದವರು ಮಧ್ಯಾಹ್ನ 4,850 ಮೀಟರಿನ ಸೋಲ್ ದೆ ಮಾನ್ಯಾನಾ ಎಂಬ ಕುದಿಕೆಸರಿನ ಬಯಲು ದಾಟಿ ರಾತ್ರಿ 4,300ರಲ್ಲಿ ಮಲಗುತ್ತಾರೆ. ಒಂದೇ ದಿನಕ್ಕೆ 1,900 ಮೀಟರಿನ ಜಿಗಿತ. ಹತ್ತಿರದಲ್ಲಿ ಆಸ್ಪತ್ರೆಯಿಲ್ಲ, ಫೋನ್ ಸಿಗ್ನಲ್ ಇಲ್ಲ, ತಗ್ಗಿಗೆ ಇಳಿಯಬೇಕೆಂದರೆ ರಾತ್ರಿ ಮಣ್ಣುದಾರಿಯಲ್ಲಿ ಗಂಟೆಗಟ್ಟಲೆ ಓಡಬೇಕು. ಹಾಗಾಗಿ ಉಯುನಿಯಿಂದ ಸಾನ್ ಪೆದ್ರೊ ಕಡೆಗೆ ಇಳಿಯುವ ದಿಕ್ಕೇ ಸರಿ. ಅದಕ್ಕೂ ಮುಂಚೆ 2,800 ಮೀಟರಿನ ಸುಕ್ರೆಯಲ್ಲಿ ಎರಡು ರಾತ್ರಿ, ಉಯುನಿಯಲ್ಲಿ ಎರಡು ರಾತ್ರಿ ಕಳೆದರೆ ಮೈ ಒಗ್ಗಿರುತ್ತದೆ. ಚಿಲಿ ಕಡೆಯಿಂದಲೇ ಹೊರಡಬೇಕಾದ ಅನಿವಾರ್ಯ ಇದ್ದರೆ ಸಾನ್ ಪೆದ್ರೊದಲ್ಲಿ ನಾಲ್ಕು ರಾತ್ರಿ ಇದ್ದು, ಎರಡು ಹಗಲಾದರೂ 4,000 ಮೀಟರಿಗೆ ಹತ್ತಿ ಇಳಿದು ಆಮೇಲೆ ಜೀಪು ಹತ್ತಿ.

ಕೊಲ್ಕಾ ನಡುವಿನದು. ಅರೆಕೀಪಾ 2,335 ಮೀಟರ್, ಕಣಿವೆಯ ಚಿವಾಯ್ ಊರು 3,635. ನಡುವೆ ಮಾತ್ರ 4,910 ಮೀಟರಿನ ಪತಪಂಪಾ ಘಟ್ಟ ದಾಟಬೇಕು. ಎರಡು ದಿನದ ಪ್ರವಾಸದಲ್ಲಿ ಹಗಲು ಎಚ್ಚರದಲ್ಲಿದ್ದು, ನೀರು ಕುಡಿಯುತ್ತಾ ದಾಟುತ್ತೀರಿ. ಒಂದೇ ದಿನದ್ದು ಅರೆಕೀಪಾದಿಂದ ಬೆಳಗಿನ ಜಾವ ಮೂರಕ್ಕೆ ಹೊರಡುತ್ತದೆ. ಖಾಲಿ ಹೊಟ್ಟೆ, ಅರೆನಿದ್ದೆ, ಮೂರು ಗಂಟೆಯೊಳಗೆ 4,910. ಅಗ್ಗ ಎಂದು ಇದನ್ನು ಕೊಳ್ಳಬೇಡಿ.

ಎತ್ತರದ ಕಾಯಿಲೆ ತಡೆಯಲು ತೆಗೆದುಕೊಳ್ಳುವ ಅಸೆಟಜೋಲಮೈಡ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದವರು, ಬಿ.ಪಿ. ಅಥವಾ ಕಿಡ್ನಿ ಔಷಧಿ ತೆಗೆದುಕೊಳ್ಳುವವರು ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ಹೊರಡಬೇಕು. ಮಾತ್ರೆ ತೆಗೆದುಕೊಂಡರೆ ಬೆರಳ ತುದಿ ಜುಮುಗುಡುತ್ತದೆ, ಮೂತ್ರ ಹೆಚ್ಚುತ್ತದೆ, ಗಾಬರಿ ಬೇಡ. ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ ಮಾತ್ರೆಯ ಮಾತು ಬಿಟ್ಟು ಕೂಡಲೇ ಕೆಳಗೆ ಇಳಿಸಬೇಕು.

ರಾಜಹಂಸಕ್ಕೆ ಎಲ್ಲಿಗೆ?

ಇಲ್ಲಿ ಉಯುನಿ ಸುತ್ತಿಗೆ ಸಾಟಿಯಿಲ್ಲ. ದಕ್ಷಿಣ ಅಮೆರಿಕದ ಈ ಬಯಲಿನಲ್ಲಿ ಮೂರು ಜಾತಿಯ ರಾಜಹಂಸಗಳಿವೆ. ದೂರದಿಂದ ಎಲ್ಲವೂ ಗುಲಾಬಿ ಚುಕ್ಕೆಗಳೇ. ಗುರುತಿಸಲು ಮೊದಲು ಕಾಲು ನೋಡಿ. ಬೂದು ಕಾಲಿನಲ್ಲಿ ಗಂಟು ಮಾತ್ರ ಗುಲಾಬಿಯಾಗಿದ್ದರೆ ಅದು ಚಿಲಿ ರಾಜಹಂಸ, ಅದರ ಕೊಕ್ಕು ಅರ್ಧಕ್ಕಿಂತ ಹೆಚ್ಚು ಕಪ್ಪು. ಹಳದಿ ಕಾಲಿದ್ದರೆ ಆಂಡಿಸ್ ರಾಜಹಂಸ. ನಿಂತಾಗ ಇದರ ಬೆನ್ನ ಹಿಂದೆ ಕಪ್ಪು ತ್ರಿಕೋನ ಎದ್ದು ಕಾಣುತ್ತದೆ. ಇಟ್ಟಿಗೆಗೆಂಪು ಕಾಲು, ಗಿಡ್ಡ ಮೈ, ತುದಿಯಲ್ಲಷ್ಟೇ ಕಪ್ಪಿರುವ ಹೊಳೆಯುವ ಹಳದಿ ಕೊಕ್ಕು ಇದ್ದರೆ ಜೇಮ್ಸ್ ರಾಜಹಂಸ. ಇದು ಅಳಿದೇಹೋಯಿತು ಎಂದು ಪಕ್ಷಿತಜ್ಞರು ಕೈಬಿಟ್ಟಿದ್ದರು. 1950ರ ದಶಕದಲ್ಲಿ ಮತ್ತೆ ಸಿಕ್ಕಿತು. ಊಟದಲ್ಲೂ ವ್ಯತ್ಯಾಸವಿದೆ: ಚಿಲಿಯದು ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿಗಳನ್ನು ಸೋಸಿದರೆ, ಉಳಿದೆರಡರ ಕೊಕ್ಕಿನ ಜಾಲರಿ ಇನ್ನೂ ಸಣ್ಣದು, ಕಣ್ಣಿಗೆ ಕಾಣದ ಡಯಾಟಮ್ ಪಾಚಿಯನ್ನೇ ಹಿಡಿಯುತ್ತದೆ. ಅದಕ್ಕೇ ಒಂದೇ ಕೆರೆಯಲ್ಲಿ ಮೂರೂ ಜಗಳವಿಲ್ಲದೆ ಮೇಯುತ್ತವೆ.

ಜೇಮ್ಸ್ ರಾಜಹಂಸದ ದೊಡ್ಡ ಹಿಂಡು ಇರುವುದು ಲಗೂನಾ ಕೊಲೊರಾದಾದಲ್ಲಿ. ಎದುವಾರ್ದೊ ಅವರೋವಾ ವನ್ಯಜೀವಿ ಮೀಸಲು ಪ್ರದೇಶದೊಳಗಿನ ಕೆರೆ ಇದು. ಮೀಸಲು ಮಾಡಿದ್ದು 1973ರಲ್ಲಿ, ವಿಸ್ತಾರ 7,000 ಚದರ ಕಿ.ಮೀ. ಮೀರುತ್ತದೆ. ಕೆರೆಯ ನೀರು ಪಾಚಿ ಮತ್ತು ಕೆಸರಿನ ಬಣ್ಣದಿಂದ ಕೆಂಪು, ನಡುವೆ ಬೊರಾಕ್ಸಿನ ಬಿಳಿ ದಿಬ್ಬಗಳು. ಮಧ್ಯಾಹ್ನದ ಗಾಳಿ ಬೀಸಿದಾಗ ಕೆಂಪು ಗಾಢವಾಗುತ್ತದೆ, ಆದರೆ ಆ ಗಾಳಿಗೆ ಕ್ಯಾಮೆರಾ ಅಲುಗದಂತೆ ಹಿಡಿಯುವುದೇ ಸಾಹಸ. ಹಕ್ಕಿಯನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಅದೇ ಸುತ್ತಿನ ಹೆದಿಯೊಂದಾ ಕೆರೆ ಉತ್ತಮ. ಅಲ್ಲಿ ಹಕ್ಕಿಗಳು ದಡದ ಸಮೀಪವೇ ಮೇಯುತ್ತವೆ, 300 ಎಂ.ಎಂ. ಲೆನ್ಸ್ ಸಾಕು.

ಸಾನ್ ಪೆದ್ರೊದ ಚಾಕ್ಸಾದಲ್ಲಿ ಸಿಗುವುದು ಮುಖ್ಯವಾಗಿ ಚಿಲಿ ಮತ್ತು ಆಂಡಿಸ್ ಜಾತಿಗಳು, ಅದೂ ಹತ್ತಾರು. ನಡೆಯುವ ದಾರಿ ಗುರುತು ಮಾಡಿದ್ದಾರೆ, ಅದನ್ನು ದಾಟುವಂತಿಲ್ಲ. ಆದರೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾದ ರಾಜಹಂಸದ ಜಾಗ ಈ ಮೂರು ದಾರಿಗಳಲ್ಲಿ ಇದೊಂದೇ. ಎತ್ತರ ಕಡಿಮೆ, ಊರಿನಿಂದ ಒಂದು ಗಂಟೆ. ಸಂಜೆ ಉಪ್ಪಿನ ಹೆಂಟೆಗಳ ಹಿಂದೆ ಜ್ವಾಲಾಮುಖಿಗಳ ಸಾಲು ಕೆಂಪಾಗುವ ಹೊತ್ತಿಗೆ ಹೋಗಿ.

ಎಲ್ಲೇ ಆಗಲಿ, ಹಿಂಡು ತಲೆಯೆತ್ತಿ ಒಂದೇ ದಿಕ್ಕಿಗೆ ಹೆಜ್ಜೆ ಹಾಕಲು ಶುರುಮಾಡಿತೆಂದರೆ ನೀವು ಅತಿ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ. ಫೋಟೊಗಾಗಿ ಹಕ್ಕಿ ಹಾರಿಸುವುದು ಈ ಎತ್ತರದಲ್ಲಿ ಅದರ ಒಂದು ದಿನದ ಗಳಿಕೆಯನ್ನು ಕಸಿದಂತೆ.

ಬಿಸಿನೀರಿನ ಚಿಲುಮೆಗಳು

ಎಲ್ ತಾತಿಯೊ ದಕ್ಷಿಣಾರ್ಧಗೋಳದಲ್ಲೇ ದೊಡ್ಡ ಚಿಲುಮೆ ಬಯಲು. ಇಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಹಬೆಯ ಕಂಬಗಳು ಎದ್ದು ಕಾಣುವುದು ಗಾಳಿ ಕೊರೆಯುವಷ್ಟು ತಣ್ಣಗಿದ್ದಾಗ ಮಾತ್ರ. ಒಂಬತ್ತರ ಹೊತ್ತಿಗೆ ಬಿಸಿಲೇರಿ ಹಬೆ ಕರಗುತ್ತದೆ. ನಸುಕಿಗೆ ಹೋಗಬೇಕಾದ್ದು ಅದಕ್ಕೇ. ಜೂನ್, ಜುಲೈನಲ್ಲಿ ಆ ಹೊತ್ತಿಗೆ ಮೈನಸ್ 10 ಡಿಗ್ರಿ ಸಾಮಾನ್ಯ. ಕಲ್ಲು ಜೋಡಿಸಿ ಗುರುತಿಟ್ಟ ದಾರಿ ಬಿಡಬೇಡಿ, ಬಿಳಿ ಪದರ ಗಟ್ಟಿಯಾಗಿ ಕಂಡರೂ ಕೆಳಗೆ ಕುದಿಯುವ ನೀರಿರುತ್ತದೆ. ಬೊಲಿವಿಯಾದ ಸೋಲ್ ದೆ ಮಾನ್ಯಾನಾದಲ್ಲಿ ಚಿಮ್ಮುವ ನೀರಿಗಿಂತ ಕೊತಕೊತ ಕುದಿಯುವ ಬೂದು ಕೆಸರಿನ ಗುಂಡಿಗಳೇ ಹೆಚ್ಚು, ಗಂಧಕದ ವಾಸನೆ ಗಂಟಲು ಹಿಡಿಯುತ್ತದೆ, ಬೇಲಿಯ ಭದ್ರತೆ ಇಲ್ಲ. ಮಕ್ಕಳಿದ್ದರೆ ತಾತಿಯೊ.

ತಾತಿಯೊದಿಂದ ಇಳಿಯುವ ದಾರಿಯ ಪುತಾನಾ ಹಳ್ಳದ ಜೌಗನ್ನು ಹಲವರು ನಿದ್ದೆಯಲ್ಲಿ ಕಳೆದುಕೊಳ್ಳುತ್ತಾರೆ. ದೈತ್ಯ ನಾಮಕೋಳಿ ನೀರ ನಡುವೆ ಕಳೆಗಿಡ ಒಟ್ಟಿ ತೆಪ್ಪದಂಥ ಗೂಡು ಕಟ್ಟುವುದನ್ನು ರಸ್ತೆಯಿಂದಲೇ ನೋಡಬಹುದು.

ಕಾಂಡೋರ್ ಮತ್ತು ವಿಕುನ್ಯಾ

ಕಾಂಡೋರ್‌ಗೆ ಕೊಲ್ಕಾ ಬಿಟ್ಟರೆ ಉಳಿದೆರಡು ದಾರಿಗಳನ್ನು ನೆಚ್ಚುವಂತಿಲ್ಲ. ಮೂರು ಮೀಟರಿನ ರೆಕ್ಕೆ, 15 ಕಿಲೊವರೆಗೂ ತೂಗುವ ಮೈ. ಇಷ್ಟು ಭಾರ ಹೊತ್ತು ರೆಕ್ಕೆ ಬಡಿದು ಹಾರುವುದು ಕಷ್ಟ, ಬಿಸಿಗಾಳಿ ಮೇಲೇಳುವುದಕ್ಕೆ ಕಾಯುತ್ತದೆ. ಕಣಿವೆಯ ಗೋಡೆಗೆ ಬಿಸಿಲು ತಾಗಿ ಗಾಳಿ ಏಳುವುದು ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ. ರಾತ್ರಿ ಬಂಡೆಯ ಚಾಚಿನ ಮೇಲೆ ತಂಗಿದ ಹಕ್ಕಿಗಳು ಆಗ ಕ್ರೂಸ್ ದೆಲ್ ಕಾಂಡೋರ್ ಕಟ್ಟೆಯ ಕೆಳಗಿನಿಂದ ಸುತ್ತುತ್ತಾ ಮೇಲೆ ಬರುತ್ತವೆ. ಕೆಲವೊಮ್ಮೆ ಹದ್ದಿನ ಬೆನ್ನನ್ನೇ ಮೇಲಿನಿಂದ ನೋಡಬಹುದು: ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟಿ, ಕುತ್ತಿಗೆಗೆ ಬಿಳಿ ಗರಿಯ ಪಟ್ಟಿ, ಗಂಡಿನ ನೆತ್ತಿಗೆ ಜುಟ್ಟು. ಕಂದು ಬಣ್ಣದವು ಮರಿಗಳು. ಚಿವಾಯ್‌ನಿಂದ ಆರಕ್ಕೇ ಹೊರಡಬೇಕು. ಕಟ್ಟೆಗೆ ಹತ್ತಿರದ ಕಬಾನಾಕೊಂದೆಯಲ್ಲಿ ಉಳಿದರೆ ಬಸ್ಸುಗಳ ಗುಂಪು ಬರುವ ಮೊದಲೇ ಜಾಗ ಹಿಡಿಯಬಹುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಮೋಡ. ಆ ತಿಂಗಳುಗಳಲ್ಲಿ ಕಾಂಡೋರ್ ಆಸೆಗೆ ಕೊಲ್ಕಾಕ್ಕೆ ಹೋಗಬೇಡಿ.

ಚಿವಾಯ್ ದಾರಿಯ ಸಲಿನಾಸ್ ಇ ಅಗ್ವಾದಾ ಬ್ಲಾಂಕಾ ಮೀಸಲು ಪ್ರದೇಶದಲ್ಲಿ ಲಾಮಾದ ಕಾಡು ಬಂಧು ವಿಕುನ್ಯಾ ರಸ್ತೆ ಪಕ್ಕದಲ್ಲೇ ಮೇಯುತ್ತದೆ. ತೆಳ್ಳನೆಯ ಕುತ್ತಿಗೆ, ದಾಲ್ಚಿನ್ನಿ ಬಣ್ಣ, ಎದೆಯ ಮೇಲೆ ಬಿಳಿ ತುಪ್ಪಳ. ಕಿವಿಗೆ ಬಣ್ಣದ ದಾರ ಕಟ್ಟಿದ್ದರೆ ಅದು ಸಾಕಿದ ಲಾಮಾ ಅಥವಾ ಅಲ್ಪಾಕಾ.

ಕಾಲ, ಊಟ, ಗಡಿ

ಜನವರಿಯಿಂದ ಮಾರ್ಚ್‌ವರೆಗೆ ಉಪ್ಪಿನ ಬಯಲಿನ ಮೇಲೆ ನೀರು ನಿಂತು ಕನ್ನಡಿಯಾಗುತ್ತದೆ, ಆದರೆ ಕಳ್ಳಿ ತುಂಬಿದ ಇಂಕಾವಾಸಿ ದಿಬ್ಬಕ್ಕೆ ಜೀಪು ಹೋಗಲಾಗದೆ ಉಳಿಯಬಹುದು. ಜೂನ್–ಜುಲೈನಲ್ಲಿ ಕೊಲೊರಾದಾದ ರಾತ್ರಿ ಮೈನಸ್ 15ಕ್ಕೂ ಕೆಳಗಿಳಿಯುತ್ತದೆ, ರಾಜಹಂಸಗಳಲ್ಲಿ ಬಹುಪಾಲು ತಗ್ಗಿಗೆ ಹೋಗಿರುತ್ತವೆ. ಹಕ್ಕಿಗೂ ದಾರಿಗೂ ಎರಡಕ್ಕೂ ಹೊಂದುವುದು ನವೆಂಬರ್ ಮತ್ತು ಏಪ್ರಿಲ್. ಬ್ಯಾಟರಿಗಳನ್ನು ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳಿ. ಉಪ್ಪಿನ ಬಯಲಿನಲ್ಲಿ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ, ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಸುತ್ತ ಸನ್‌ಸ್ಕ್ರೀನ್ ಮರೆಯಬೇಡಿ.

ಜೀಪು ಗೊತ್ತು ಮಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದ್ದು: ಎಷ್ಟು ಜನ, ಆಮ್ಲಜನಕದ ಸಿಲಿಂಡರ್ ಇದೆಯೇ, ಸ್ಟೆಪ್ನಿ ಎರಡಿದೆಯೇ. ಆರು ಜನರಾದರೆ ಹಿಂದಿನ ಸಾಲಿನ ಇಬ್ಬರಿಗೆ ಮಂಡಿ ಎದೆಗೆ ಬರುತ್ತದೆ. ನಾಲ್ವರೇ ಹಂಚಿಕೊಂಡು ಹೋಗುವುದು ದುಬಾರಿಯಾದರೂ ದಿನಕ್ಕೆ ಏಳೆಂಟು ಗಂಟೆ ಕೂರಬೇಕಾದಾಗ ಅದಕ್ಕೆ ಬೆಲೆಯಿದೆ. ಮೀಸಲು ಪ್ರದೇಶದ ಪ್ರವೇಶಶುಲ್ಕಕ್ಕೆ, ಬಿಸಿನೀರ ಸ್ನಾನಕ್ಕೆ ಬೊಲಿವಿಯಾನೊ ನೋಟುಗಳನ್ನು ಉಯುನಿಯಲ್ಲೇ ತೆಗೆದಿಟ್ಟುಕೊಳ್ಳಿ, ಮುಂದೆ ಎ.ಟಿ.ಎಂ. ಇಲ್ಲ.

ಸಸ್ಯಾಹಾರಿಗಳಿಗೆ ಸಾನ್ ಪೆದ್ರೊ ಸುಲಭ, ಕೊಲ್ಕಾದಲ್ಲಿ ಕಿನುವಾ ಸಾರು, ಆಲೂಗಡ್ಡೆ ಸಿಗುತ್ತದೆ, ಉಯುನಿ ಸುತ್ತಿನಲ್ಲಿ ಮುಂಚೆಯೇ ಬರೆಸಬೇಕು. "ಸಿನ್ ಕಾರ್ನೆ" (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಸಾಲದು, ಕೋಳಿ ಬರುತ್ತದೆ. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೇಳಿ, ಸಾರಿಗೆ ಮೂಳೆ ಹಾಕಿದ್ದಾರೆಯೇ ಎಂದೂ ಕೇಳಿ. ಅಕ್ಕಿ ಒಯ್ದು ಪ್ರಯೋಜನವಿಲ್ಲ, ಕುಕ್ಕರ್ ಇಲ್ಲದೆ ಅಲ್ಲಿ ಸರಿಯಾಗಿ ಬೇಯುವುದಿಲ್ಲ. ತೆಳು ಅವಲಕ್ಕಿ ಬಿಸಿನೀರಿಗೆ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ.

ಉಯುನಿಯಿಂದ ಸಾನ್ ಪೆದ್ರೊಗೆ ದಾಟುವವರು ಎರಡೂ ದೇಶದ ವೀಸಾ ವಿಷಯ ಹೊರಡುವ ಮುನ್ನವೇ ಮುಗಿಸಿರಬೇಕು. ಸುಮಾರು 4,480 ಮೀಟರಿನ ಇತೊ ಕಾಹೋನ್ ಗಡಿಯಲ್ಲಿ ಜೀಪು ನಿಮ್ಮನ್ನು ಇಳಿಸಿ ಹಿಂದಿರುಗುತ್ತದೆ, ಚಿಲಿ ಕಡೆಯ ವ್ಯಾನ್ ಬೇರೆ. ಬೊಲಿವಿಯಾ, ಪೆರುಗಳಲ್ಲಿ ತಲೆನೋವಿಗೆಂದು ಎಲ್ಲರೂ ಅಗಿಯುವ ಕೋಕಾ ಎಲೆ ಚಿಲಿಯಲ್ಲಿ ನಿಷಿದ್ಧ, ಜೇಬು, ಬ್ಯಾಗಿನ ಮೂಲೆ ಎಲ್ಲ ಕೊಡವಿ ಗಡಿಗೆ ಬನ್ನಿ. ಹಣ್ಣು, ಜೇನು, ಬೀಜ ಯಾವುದಿದ್ದರೂ ಫಾರಂನಲ್ಲಿ "ಇದೆ" ಎಂದೇ ಬರೆಯಿರಿ. ಬರೆದರೆ ಹೆಚ್ಚೆಂದರೆ ಅದನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.