ಮಜ್ಜಿಗೆ ಹುಲ್ಲೋ, ತುಳಸಿಯೋ, ದೊಡ್ಡಪತ್ರೆಯೋ?

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಮಧ್ಯಾಹ್ನಕ್ಕೇ ಬಿಸಿಬಿಸಿ ಏನಾದರೂ ಬೇಕು ಅನ್ನಿಸುತ್ತದೆ. ಸಂಜೆ ಮೇಲೆ ಚಹಾ ಕುಡಿದರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಮಳೆಗಾಲ ಪೂರ್ತಿ ಹಿತ್ತಲಲ್ಲೇ ಸಿಗುವ ಮೂರು ಗಿಡಗಳ ಕಷಾಯ ಒಂದಾದ ಮೇಲೊಂದು ಕುಡಿದು ನೋಡಿದೆ. ದಿನಾ ಕುಡಿಯುವುದಕ್ಕೆ ನನ್ನ ಓಟು ಮಜ್ಜಿಗೆ ಹುಲ್ಲಿಗೆ, ಅಂದರೆ ಲೆಮನ್‌ಗ್ರಾಸ್‌ಗೆ.

ಘಮ ನಿಂಬೆಹಣ್ಣಿನದು, ಆದರೆ ಹುಳಿ ಇಲ್ಲ. ಹಾಗಾಗಿ ಹಾಲು ಹಾಕಿದರೂ ಒಡೆಯುವುದಿಲ್ಲ. ಕೆಫೀನ್ ಇಲ್ಲದ್ದರಿಂದ ರಾತ್ರಿ ಊಟದ ಮೇಲೂ ಕುಡಿಯಬಹುದು. ಎಲೆಯನ್ನು ಕೈಯಲ್ಲಿ ಎಳೆದು ಕೀಳಬೇಡಿ, ಅಂಚಿಗೆ ಬೆರಳು ಕೊಯ್ಯುತ್ತದೆ. ಕತ್ತಿಯಲ್ಲಿ ಬುಡದ ಹತ್ತಿರ ಕೊಯ್ದು, ಬಿಳಿ ದಂಟನ್ನು ಗುಂಡುಕಲ್ಲಿನಲ್ಲಿ ಜಜ್ಜಿ, ಎಲೆಯನ್ನು ಗಂಟು ಕಟ್ಟಿ ನೀರಿಗೆ ಹಾಕಿ. ಐದು ನಿಮಿಷ ಕುದ್ದರೆ ಸಾಕು. ಚೂರು ಬೆಲ್ಲ ಹಾಕಿ, ಚೆನ್ನಾಗಿ ಸೋಸಿ. ಇಲ್ಲದಿದ್ದರೆ ಎಲೆಯ ಚೂರು ಗಂಟಲಿಗೆ ಚುಚ್ಚುತ್ತದೆ.

ಒಂದು ಎಚ್ಚರಿಕೆ. ಸೊಳ್ಳೆ ಓಡಿಸುವ ಎಣ್ಣೆ ತೆಗೆಯುವ ಸಿಟ್ರೊನೆಲ್ಲಾ ಹುಲ್ಲೂ ನೋಡಲು ಹೀಗೇ ಇರುತ್ತದೆ. ಅದರ ಬುಡ ಸಾಮಾನ್ಯವಾಗಿ ಕೆಂಪು. ಎಲೆ ಉಜ್ಜಿದಾಗ ಅಡುಗೆಮನೆ ನೆನಪಾಗದೆ ಸೊಳ್ಳೆ ಮುಲಾಮು ನೆನಪಾದರೆ ಬಿಟ್ಟುಬಿಡಿ. ನೆರೆಮನೆಯಿಂದ ಬುಡ ತಂದು ನೆಡುವಾಗಲೂ ಅಷ್ಟೇ, ಅವರು ಅದನ್ನು ಕುಡಿಯುತ್ತಾರಾ ಅಂತ ಮೊದಲು ಕೇಳಿ.

ತುಳಸಿ ಶೀತಕ್ಕೆ ಹಿತ. ನಾಲ್ಕು ಕಾಳುಮೆಣಸು ಕುಟ್ಟಿ ಹಾಕಿದರೆ ಕಟ್ಟಿದ ಮೂಗು ಬಿಟ್ಟ ಹಾಗೆ ಆಗುತ್ತದೆ. ಲವಂಗದಲ್ಲಿರುವ ಯೂಜೆನಾಲ್ ಅನ್ನುವ ಅಂಶ ಇದರಲ್ಲೂ ಇದೆ, ತುಳಸಿಯ ಖಾರ ಅದರದ್ದೇ. ಆದರೆ ದಿನಾ ಕುಡಿಯಲು ನನಗೆ ಆಗಲಿಲ್ಲ, ಬಾಯಿ ಚುರುಚುರು ಅನ್ನುತ್ತದೆ. ಸಕ್ಕರೆ ಕಾಯಿಲೆಗೋ ರಕ್ತ ತೆಳುವಾಗಲೋ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ದಿನನಿತ್ಯ ಕುಡಿಯಬಾರದು. ನಮ್ಮ ಅತ್ತೆ ಅಂಥ ಮಾತ್ರೆಯಲ್ಲಿದ್ದಾರೆ, ಅವರ ಲೋಟಕ್ಕೆ ನಾನು ತುಳಸಿ ಹಾಕುವುದಿಲ್ಲ. ಬಸುರಿಯರಿಗಂತೂ ಇದಾಗಲಿ ಮಜ್ಜಿಗೆ ಹುಲ್ಲಾಗಲಿ ಲೋಟಗಟ್ಟಲೆ ಬೇಡ.

ದೊಡ್ಡಪತ್ರೆ ಕಷಾಯದಲ್ಲಿ ಸೋತಿತು. ಕುದಿಸಿದರೆ ಓಮದ ಘಾಟು ಮೂಗಿಗೆ ಹೊಡೆಯುತ್ತದೆ, ಬೆಲ್ಲ ಎಷ್ಟು ಹಾಕಿದರೂ ಹೋಗುವುದಿಲ್ಲ. ತಂಬುಳಿ ಮಾಡಿ ಅನ್ನಕ್ಕೆ ಕಲಸಿಕೊಳ್ಳಿ, ಅದಕ್ಕೆ ಅದೇ ಸರಿ.

ಅಂಗಡಿಯ ಕಷಾಯದ ಪುಡಿ ತರುವವರು ಪೊಟ್ಟಣದ ಹಿಂದೆ ಜ್ಯೇಷ್ಠಮಧು ಇದೆಯಾ ನೋಡಿ. ಅದರ ಸಿಹಿ ಕೊಡುವ ಅಂಶವೇ ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ಬಿಪಿ ಇರುವವರು ದಿನಾ ಕುಡಿಯುವ ಪುಡಿ ಅದಲ್ಲ.

ಇನ್ನು ಜ್ವರದ ಮಾತು. ನಮ್ಮಲ್ಲಿ ಮೈ ಬಿಸಿಯಾದರೆ ಮೊದಲು ಕಷಾಯ, ಆಮೇಲೆ ಆಸ್ಪತ್ರೆ, ಅಲ್ವಾ? ಮಳೆಗಾಲದ ಸುಮ್ನೆ ನೆಗಡಿಗೆ ಅದು ನಡೆಯುತ್ತದೆ. ಬೇಸಿಗೆಯಲ್ಲಿ ನಡೆಯುವುದಿಲ್ಲ, ಅದು ಮಂಗನ ಕಾಯಿಲೆಯ ಕಾಲ. ಈ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ಆ ಜ್ವರಕ್ಕೆ ಈ ಮೂರರಲ್ಲಿ ಯಾವುದೂ ಮದ್ದಲ್ಲ. ದರಗು (ಒಣಗಿದ ಎಲೆ) ಗುಡಿಸಿ ತರಲು ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಒಲೆ ಹಚ್ಚುತ್ತಾ ಕೂರಬೇಡಿ, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಾಡಿಗೆ ಹೋಗಿದ್ದನ್ನೂ ಹೇಳಿ.